ನಿಂತ ಗಾಳಿಯ ಹೊದಿಕೆ

ರಾತ್ರಿ ಹನ್ನೊಂದಕ್ಕೆ ಹೊದ್ದದ್ದನ್ನು ಒದ್ದು ಕಾಲ ಕೆಳಗೆ ತಳ್ಳುತ್ತೇವೆ. ಬೆಳಗಿನ ಜಾವ ನಾಲ್ಕಕ್ಕೆ ಅದೇ ಹೊದಿಕೆಗಾಗಿ, ಕಣ್ಣು ತೆರೆಯದೆಯೇ, ಕೈ ತಡಕಾಡುತ್ತದೆ. ಕೋಣೆ ಅದೇ, ಕಿಟಕಿ ಅದೇ, ಫ್ಯಾನು ತಿರುಗುವ ವೇಗವೂ ಅದೇ. ಗೋಡೆಗೆ ಥರ್ಮಾಮೀಟರು ತೂಗುಹಾಕಿ ನೋಡಿದರೆ ಈ ಐದು ಗಂಟೆಗಳಲ್ಲಿ ಕೋಣೆಯ ಬಿಸಿ ಇಳಿದದ್ದು ಒಂದೆರಡು ಡಿಗ್ರಿ ಇದ್ದೀತು. ಅಷ್ಟಕ್ಕೇ ‘ಬೇಡ’ ಎನಿಸಿದ್ದು ‘ಬೇಕೇ ಬೇಕು’ ಆಗುವುದು ಹೇಗೆ?

ನಾನು ಬೆಳೆದದ್ದು ವಿಜಯಪುರದ ಕಡೆ. ಅಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ, ಡಿಸೆಂಬರಿನ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮನೆಯ ಮೂಲೆಯಲ್ಲಿ ಹಾಸಿಗೆಗಳ ಒಟ್ಟಿಲು ಇರುತ್ತಿತ್ತು: ಕೆಳಗೆ ಗಾದಿ, ಅದರ ಮೇಲೆ ಜಮಖಾನ, ಕಂಬಳಿ, ಎಲ್ಲಕ್ಕೂ ಮೇಲೆ ನಾಲ್ಕೈದು ಕೌದಿ. ಚಳಿಗಾಲದ ಒಂದು ರಾತ್ರಿ ನಾನು ಎಲ್ಲಕ್ಕಿಂತ ದಪ್ಪನೆಯ ರಗ್ಗೇ ಬೇಕೆಂದು ಹಟ ಹಿಡಿದಾಗ ಆಯಿ ಎರಡು ತೆಳ್ಳನೆಯ ಕೌದಿ ಎಳೆದು ಕೊಟ್ಟಳು. “ಒಂದು ದಪ್ಪಂದು ಬ್ಯಾಡ ತಮ್ಮಾ, ತೆಳ್ಳನ್ನವು ಎರಡು ಹೊತ್ಕೋ. ಸೆಕಿ ಆದ್ರ ಒಂದು ತಗೀಲಿಕ್ಕಿ ಬರ್ತೈತಿ.” ಆಗ ಅದು ರಗ್ಗು ಕೊಡದಿರಲು ಹೇಳಿದ ಮಾತೆನಿಸಿತ್ತು. ಆ ಮಾತಿನಲ್ಲಿ ಹೊದಿಕೆಯ ವಿಜ್ಞಾನವೆಲ್ಲ ಅಡಗಿದೆ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಕಂಬಳಿಗೆ ಬಿಸಿ ಎಲ್ಲಿಂದ ಬಂತು?

‘ಈ ಕಂಬಳಿ ಬಹಳ ಬೆಚ್ಚಗಿದೆ’ ಎನ್ನುತ್ತೇವೆ. ಅದೇ ಕಂಬಳಿಯನ್ನು ಮಡಚಿ, ಮಡಿಕೆಯ ನಡುವೆ ಥರ್ಮಾಮೀಟರು ಇಟ್ಟು, ಯಾರೂ ಹೊದೆಯದೆ ಒಂದು ರಾತ್ರಿ ಬಿಟ್ಟುನೋಡಿ. ಬೆಳಿಗ್ಗೆ ಒಳಗಿನ ಬಿಸಿಯೂ ಕೋಣೆಯ ಬಿಸಿಯೂ ಒಂದೇ ಇರುತ್ತದೆ. ಐಸ್ ಮಾರುವವರು ಮಂಜುಗಡ್ಡೆಯ ದಿಮ್ಮಿಯನ್ನು ಮರದ ಹೊಟ್ಟು, ಗೋಣಿತಾಟಿನಲ್ಲಿ ಸುತ್ತಿಡುವುದನ್ನು ನೋಡಿದ್ದೀರಿ. ಗೋಣಿತಾಟು ‘ಬೆಚ್ಚಗಿನ’ ವಸ್ತುವಾಗಿದ್ದರೆ ಮಂಜುಗಡ್ಡೆ ಬೇಗ ಕರಗಬೇಕಿತ್ತು. ಅದು ಉಳಿಯುತ್ತದೆ. ಅಂದಮೇಲೆ ಇಂಥ ಸುತ್ತುಗಳು ಬಿಸಿಯನ್ನು ಹುಟ್ಟಿಸುವುದಿಲ್ಲ, ಬಿಸಿಯ ಓಡಾಟವನ್ನು ತಡೆಯುತ್ತವೆ. ಒಳಗೆ ಬಿಸಿ ಇದ್ದರೆ ಹೊರಗೆ ಬಿಡವು, ಹೊರಗೆ ಬಿಸಿ ಇದ್ದರೆ ಒಳಗೆ ಬಿಡವು.

ಹಾಸಿಗೆಯಲ್ಲಿ ಒಲೆ ನಾವೇ. ಮಲಗಿ ನಿದ್ದೆಹೋದ ವಯಸ್ಕರ ಮೈ ಸುಮಾರು 70ರಿಂದ 80 ವ್ಯಾಟ್ ಬಿಸಿಯನ್ನು ಬಿಡುತ್ತಲೇ ಇರುತ್ತದೆ. ಹಳೆಯ ಕಾಲದ ಹಳದಿ ಬಲ್ಬೊಂದು ರಾತ್ರಿಯಿಡೀ ಉರಿದಷ್ಟು. ಈ ಬಿಸಿ ಯಾವ ವೇಗದಲ್ಲಿ ಹೊರಗೆ ಹೋಗಬೇಕು ಎಂಬುದನ್ನು ಗೊತ್ತುಮಾಡುವುದಷ್ಟೇ ಹೊದಿಕೆಯ ಕೆಲಸ.

ಅದನ್ನು ತಡೆಯುವುದು ಯಾವುದು? ಉಣ್ಣೆಯೇ, ಹತ್ತಿಯೇ, ರೇಷ್ಮೆಯೇ? ಈ ಪ್ರಶ್ನೆಯನ್ನು ಹಿಡಿದು ಕೂತವನು ಬೆಂಜಮಿನ್ ಥಾಂಪ್ಸನ್. ಕೌಂಟ್ ರಮ್‌ಫರ್ಡ್ ಎಂದೇ ಹೆಸರಾದ ಈತ ಅಮೆರಿಕದಲ್ಲಿ ಹುಟ್ಟಿ ಜರ್ಮನಿಯ ಬವೇರಿಯಾದಲ್ಲಿ ಕೆಲಸಕ್ಕಿದ್ದವನು. ಸೈನಿಕರಿಗೆ ಎಂಥ ಬಟ್ಟೆ ಕೊಡಬೇಕು ಎಂಬುದೂ ಆತನ ಹೊಣೆಯಾಗಿತ್ತು. ಒಂದು ಗಾಜಿನ ಗೋಳ, ಅದರ ನಟ್ಟನಡುವೆ ಥರ್ಮಾಮೀಟರಿನ ಬುಡ್ಡಿ. ಎರಡರ ನಡುವಿನ ಜಾಗಕ್ಕೆ ಒಮ್ಮೆ ಉಣ್ಣೆ, ಒಮ್ಮೆ ಹತ್ತಿ, ಒಮ್ಮೆ ರೇಷ್ಮೆ, ಒಮ್ಮೆ ಮೊಲದ ರೋಮ, ಎಲ್ಲವೂ ಒಂದೇ ತೂಕ. ಎಲ್ಲವನ್ನೂ ಕಾಯಿಸಿ, ಮಂಜಿನ ನೀರಿನಲ್ಲಿ ಅದ್ದಿ, ಆರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸಿದ. 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

ಗೋಳದಲ್ಲಿ ಬರೀ ಗಾಳಿ ಇದ್ದಾಗ ಬೇಗ ಆರಿತು. ಯಾವುದೇ ಎಳೆ ತುಂಬಿದಾಗಲೂ ಹೆಚ್ಚುಕಡಿಮೆ ಅದರ ಎರಡರಷ್ಟು ಹೊತ್ತು ಹಿಡಿಯಿತು. ಆದರೆ ಆ ಎಳೆಗಳು ಗೋಳದಲ್ಲಿ ತುಂಬಿದ್ದ ಜಾಗ ತೀರ ಕೊಂಚ, ಉಳಿದದ್ದೆಲ್ಲ ಗಾಳಿಯೇ. ಇನ್ನೊಂದು ಸಂಗತಿ ಇದಕ್ಕಿಂತ ಸೊಗಸು. ಅದೇ ರೇಷ್ಮೆಯನ್ನು ಬಿಡಿ ಎಳೆಯಾಗಿ ತುಂಬಿದಾಗ ಬಿಸಿ ಹೆಚ್ಚು ಹೊತ್ತು ನಿಂತಿತು, ಹುರಿಹೊಸೆದ ದಾರವಾಗಿ ತುಂಬಿದಾಗ ಬೇಗ ಹೋಯಿತು. ವಸ್ತು ಒಂದೇ, ತೂಕ ಒಂದೇ. ಬದಲಾದದ್ದು ಎಳೆಗಳು ಗಾಳಿಯನ್ನು ಹಿಡಿದಿಟ್ಟ ಬಗೆ ಮಾತ್ರ.

ಗಾಳಿ ಬಿಸಿಯನ್ನು ಎರಡು ರೀತಿ ಸಾಗಿಸುತ್ತದೆ. ಮೊದಲನೆಯದು ಕೈಯಿಂದ ಕೈಗೆ ದಾಟಿಸುವುದು. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತವರು ಕೊಡ ದಾಟಿಸುವುದನ್ನು ನೆನೆಯಿರಿ. ಗಟ್ಟಿ ವಸ್ತುವಿನಲ್ಲಿ ಅಣುಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ, ಕೊಡ ಸರಸರನೆ ಸಾಗುತ್ತದೆ. ಗಾಳಿಯ ಅಣುಗಳ ನಡುವೆ ದೂರ ಹೆಚ್ಚು, ಸಾಲು ತೀರ ವಿರಳ. ಹಾಗಾಗಿ ಈ ಕೆಲಸದಲ್ಲಿ ಗಾಳಿ ಬಹಳ ನಿಧಾನ. ನೀರು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಚುರುಕು. ಎರಡನೆಯದು, ಕೊಡ ಹೊತ್ತುಕೊಂಡು ತಾನೇ ನಡೆದುಬಿಡುವುದು. ಬಿಸಿಯಾದ ಗಾಳಿ ಹಗುರಾಗಿ ಎದ್ದು ಹೋಗುತ್ತದೆ, ಆ ಜಾಗಕ್ಕೆ ತಣ್ಣನೆಯ ಗಾಳಿ ನುಗ್ಗುತ್ತದೆ. ಗಾಳಿ ಬಿಸಿಯನ್ನು ಕದಿಯುವುದು ಹೆಚ್ಚಾಗಿ ಹೀಗೆಯೇ.

ಅಂದರೆ ಗಾಳಿಯನ್ನು ನಡೆಯಗೊಡದೆ ಕೂಡಿಹಾಕಿದರೆ ಅದು ಬಲು ಒಳ್ಳೆಯ ತಡೆ. ಉಣ್ಣೆಯ ಗುಂಗುರು ಎಳೆಗಳು, ಹತ್ತಿಯ ಅರಳೆ, ಕೌದಿಯ ಪದರಗಳು ಎಲ್ಲವೂ ಮಾಡುವುದು ಇದನ್ನೇ: ಗಾಳಿಗೆ ಸಾವಿರಾರು ಸಣ್ಣ ಕೋಣೆ ಕಟ್ಟಿ, ಅಲ್ಲೇ ನಿಲ್ಲಿಸುವುದು. ಇದನ್ನು ‘ನಿಂತ ಗಾಳಿ’ ಎಂದು ಕರೆಯೋಣ. ನಾವು ಹೊದೆಯುವುದು ನಿಂತ ಗಾಳಿಯನ್ನು. ಬಟ್ಟೆ ಅದನ್ನು ಹಿಡಿದಿಡುವ ಪಾತ್ರೆ.

ಕೌದಿಯ ಲೆಕ್ಕ

ಈಗ ಆಯಿಯ ಮಾತಿಗೆ ಬರೋಣ. ಕೌದಿ ಎಂದರೆ ಉಟ್ಟು ಹಳತಾದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸಾಲುಸಾಲಾಗಿ ಓಟದ ಹೊಲಿಗೆ ಹಾಕಿದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ದೇಶಾಂತರಕ್ಕೂ ಹೆಸರಾಗಿದೆ. ಅವರು ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ‘ಫೂಲ’ ಎಂಬ ಮಡಚಿದ ಬಟ್ಟೆಯ ಹೂ ಕೂರಿಸುತ್ತಾರೆ.

ಹಳೆಯ ಹತ್ತಿಬಟ್ಟೆ ಒಗೆದು ಒಗೆದು ಮೆತ್ತಗಾಗಿ, ನೂಲಿನ ಮೇಲೆ ಸಣ್ಣ ನವಿರು ಎದ್ದಿರುತ್ತದೆ. ಎರಡು ಪದರ ಒಂದರ ಮೇಲೊಂದು ಕೂತಾಗ ಈ ನವಿರು, ಬಟ್ಟೆಯ ಸುಕ್ಕು, ಹೊಲಿಗೆಯ ಉಬ್ಬು ಸೇರಿ ನಡುವೆ ತೆಳ್ಳನೆಯ ಸಂದು ಉಳಿಸುತ್ತವೆ. ಆ ಸಂದಿನ ಗಾಳಿಗೆ ಓಡಾಡಲು ಜಾಗವಿಲ್ಲ. ಆರು ಪದರದ ಕೌದಿಯೊಳಗೆ ಅಂಥ ಐದು ಸಂದುಗಳಿವೆ. ಎರಡು ಕೌದಿ ಹೊದ್ದರೆ ಐದು ಮತ್ತು ಐದು ಹತ್ತಾಗುವುದರ ಜೊತೆಗೆ, ಎರಡು ಕೌದಿಗಳ ನಡುವೆ ಹನ್ನೊಂದನೆಯ ಸಂದು ಹುಟ್ಟುತ್ತದೆ. ಅದಕ್ಕೆ ಬಟ್ಟೆಯ ಖರ್ಚಿಲ್ಲ, ಹೊಲಿಗೆಯ ಖರ್ಚಿಲ್ಲ. ಬೇರೆಬೇರೆ ಪದರಗಳ ಲಾಭ ಇದು.

ಪದರ ಜೋಡಿಸುವಾಗ ಯಾವುದು ಕೆಳಗೆ, ಯಾವುದು ಮೇಲೆ ಎಂಬುದಕ್ಕೂ ಕಾರಣವಿದೆ. ಉಬ್ಬಿದ ರಜಾಯಿಯ ಮೇಲೆ ಭಾರದ ರಗ್ಗು ಹೇರಿದರೆ ರಜಾಯಿ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಹೊದಿಕೆ ಎರಡಾದರೂ ಬಿಸುಪು ಎರಡರಷ್ಟಾಗುವುದಿಲ್ಲ. ಭಾರವಾದದ್ದು ಮೈಗೆ ಹತ್ತಿರ, ಹಗುರಾಗಿ ಉಬ್ಬಿದ್ದು ಅದರ ಮೇಲೆ ಇರಲಿ. ಗಾಳಿ ಬೀಸುವ ಜಾಗದಲ್ಲಿ ಮಲಗುವುದಾದರೆ, ಎಲ್ಲಕ್ಕೂ ಮೇಲೆ ಒತ್ತಾಗಿ ನೇಯ್ದ ದುಪ್ಪಟಿಯೊಂದು ಬೇಕು. ಕಂಬಳಿಯ ನೇಯ್ಗೆಯ ಸಂದಿನಲ್ಲಿ ನುಗ್ಗುವ ಗಾಳಿ, ಒಳಗೆ ನಿಂತ ಗಾಳಿಯನ್ನು ಗುಡಿಸಿಕೊಂಡು ಹೋಗುತ್ತದೆ. ತೆಳ್ಳನೆಯ ದುಪ್ಪಟಿ ಅದನ್ನು ಬಾಗಿಲಲ್ಲೇ ತಡೆಯುತ್ತದೆ.

ಬೆನ್ನಿನ ಕೆಳಗಿನ ಚಳಿ

ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗೇ ಇರುವ ಅನುಭವ ನೆಲದ ಮೇಲೆ ಮಲಗಿದವರಿಗೆಲ್ಲ ಇದೆ. ಕಾರಣ ಈಗ ಸುಲಭ. ಮೈಯ ಕೆಳಗಿನ ಹಾಸು ನಮ್ಮ ಭಾರಕ್ಕೆ ಕುಗ್ಗುತ್ತದೆ, ಅದರ ಗಾಳಿ ಹಿಂಡಿಹೋಗುತ್ತದೆ, ಎಳೆಗೆ ಎಳೆ ತಾಗಿ ಬಿಸಿ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಕಲಬುರಗಿ ಸೀಮೆಯ ಶಹಾಬಾದಿ ಕಲ್ಲಿನ ನೆಲವಾದರೆ ಕೇಳುವುದೇ ಬೇಡ. ಎಷ್ಟು ಕೊಟ್ಟರೂ ಆ ಕಲ್ಲು ಕುಡಿಯುತ್ತದೆ. ಚಳಿ ತಡೆಯಲಾರದಾಗ ಇನ್ನೊಂದು ಕಂಬಳಿಯನ್ನು ಹೊದೆಯುವುದಕ್ಕಿಂತ ಹಾಸುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಉಣ್ಣೆಯ ಎಳೆ ಸ್ಪ್ರಿಂಗಿನಂತೆ ಸುರುಳಿಯಾಗಿರುವುದರಿಂದ ಭಾರದ ಕೆಳಗೂ ಅದು ಪೂರ್ತಿ ಸೋಲುವುದಿಲ್ಲ.

ಹತ್ತಿಯ ಗಾದಿಯ ಕತೆ ಬೇರೆ. ವರ್ಷಗಟ್ಟಲೆ ಮಲಗಿದ ಗಾದಿ ಹಲಗೆಯಂತಾಗುತ್ತದೆ. ಆಗ ಹತ್ತಿ ಹಿಂಜುವ ಪಿಂಜಾರರು ಬರುತ್ತಿದ್ದರು. ಹೆಗಲ ಮೇಲೆ ಉದ್ದನೆಯ ಬಿಲ್ಲು, ಕೈಯಲ್ಲಿ ಮರದ ಗುಂಡು. ನಾರಿಯನ್ನು ಮೀಟಿದರೆ ಇಡೀ ಓಣಿಗೆ ಕೇಳುವ ಝೇಂಕಾರ. ಗಂಟುಗಟ್ಟಿದ ಹತ್ತಿ ನಾರಿಯ ಪೆಟ್ಟಿಗೆ ಬಿಡಿಬಿಡಿಯಾಗಿ, ಅಂಗಳದಲ್ಲಿ ಮೋಡದಂತೆ ಏಳುತ್ತಿತ್ತು. ಹಿಂಜುವ ಮೊದಲು ಮೊಣಕಾಲೆತ್ತರವೂ ಇಲ್ಲದ ರಾಶಿ, ಹಿಂಜಿದ ಮೇಲೆ ಸೊಂಟದೆತ್ತರ. ತಕ್ಕಡಿಗೆ ಹಾಕಿದರೆ ತೂಕ ಮಾತ್ರ ಅಷ್ಟೇ. ಹೆಚ್ಚಿದ್ದು ಗಾಳಿ. ರಮ್‌ಫರ್ಡ್ ಗಾಜಿನ ಗೋಳದಲ್ಲಿ ರೇಷ್ಮೆಯಿಂದ ತೋರಿಸಿದ್ದನ್ನು ಪಿಂಜಾರರು ನಮ್ಮ ಅಂಗಳಗಳಲ್ಲಿ ಹತ್ತಿಯಿಂದ ಮಾಡಿ ತೋರಿಸುತ್ತಿದ್ದರು. ಬಿಲ್ಲಿನ ಬದಲು ಯಂತ್ರ ಬಂದಿದೆ, ಕೆಲಸದ ತಿರುಳು ಅದೇ.

ಒಂದು ಲೋಟ ನೀರು

ಇಷ್ಟೇ ಆಗಿದ್ದರೆ ಪ್ಲಾಸ್ಟಿಕ್ ಹಾಳೆಯ ಕೆಳಗೆ ಗಾಳಿ ತುಂಬಿ ಮಲಗಿದರೆ ಸಾಕಿತ್ತು. ಹಾಗೆ ಮಲಗಿದರೆ ಅರ್ಧ ಗಂಟೆಯಲ್ಲಿ ಮೈ ಜಿಗಿಜಿಗಿ ಎನ್ನುತ್ತದೆ. ಏಕೆಂದರೆ ಮೈಯಿಂದ ಹೊರಡುವುದು ಬಿಸಿಯೊಂದೇ ಅಲ್ಲ. ಬೆವರು ಕಾಣದಿದ್ದಾಗಲೂ ಚರ್ಮದಿಂದ, ಉಸಿರಿನಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಒಂದು ರಾತ್ರಿಗೆ ಸುಮಾರು ಒಂದು ಲೋಟದಷ್ಟು. ಅದಕ್ಕೆ ದಾರಿ ಬೇಕು. ದಾರಿ ಸಿಗದಿದ್ದರೆ ಎಳೆಗಳ ನಡುವಿನ ಕೋಣೆಗಳಲ್ಲಿ ಗಾಳಿಯ ಬದಲು ನೀರು ಕೂರುತ್ತದೆ. ನೀರು ಬಿಸಿಯನ್ನು ಎಷ್ಟು ಚುರುಕಾಗಿ ದಾಟಿಸುತ್ತದೆ ಎಂದು ಆಗಲೇ ನೋಡಿದೆವು. ತೇವಗೊಂಡ ಹೊದಿಕೆ ಭಾರವಾಗಿದ್ದೂ ತಣ್ಣಗಿರುವುದು ಇದಕ್ಕೇ.

ಕಂಬಳಿ ಗೆಲ್ಲುವುದು ಇಲ್ಲಿ. ಉಣ್ಣೆಯ ಎಳೆಯ ಹೊರಮೈಯಲ್ಲಿ ಮೀನಿನ ಹುರುಪೆಯಂಥ ಪದರವಿದೆ, ಕುರಿಯ ಮೈಜಿಡ್ಡಿನ ಲೇಪವೂ ಇದೆ. ಹನಿಯಾಗಿ ಬಿದ್ದ ನೀರು ಜಾರಿಹೋಗುತ್ತದೆ. ಎಳೆಯ ಒಳತಿರುಳು ಮಾತ್ರ ಆವಿಯನ್ನು ಇಷ್ಟಪಟ್ಟು ಹೀರುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ನೀರನ್ನು ಆವಿರೂಪದಲ್ಲಿ ಒಳಗೆ ತೆಗೆದುಕೊಂಡರೂ ಮುಟ್ಟಿದಾಗ ಒಣಗಿದಂತೆಯೇ ಇರುತ್ತದೆ. ಹೀಗೆ ಹೀರುವಾಗ ಒಂದಿಷ್ಟು ಬಿಸಿಯೂ ಹುಟ್ಟುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಲ್ಲುವುದರ ಹಿಂದೆ ಈ ಎರಡು ಗುಣಗಳೂ ಇವೆ. ದಖ್ಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಕಂಬಳಿ ನೇಯುವ ಕುರುಬರು ಮಗ್ಗದ ಮೇಲಿನ ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ, ಅದು ಗಟ್ಟಿಯಾಗಲೆಂದು. ಹೊಸ ಕಂಬಳಿ ಬಿರುಸಾಗಿರುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಮೈಗೆ ತಾಗಿ ಒಂದು ಹತ್ತಿಯ ಚಾದರ, ಅದರ ಮೇಲೆ ಕಂಬಳಿ. ಹತ್ತಿ ಬೆವರನ್ನು ಹೀರಿ ಹರಡುತ್ತದೆ, ಉಣ್ಣೆ ಆವಿಯನ್ನು ಹೊರದಾಟಿಸುತ್ತದೆ. ಪಾಲಿಯೆಸ್ಟರಿನ ನುಣ್ಣನೆಯ ರಗ್ಗು ಗಾಳಿಯನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಎಳೆ ಹೀರುವ ನೀರು ತನ್ನ ತೂಕದ ನೂರನೇ ಒಂದರಷ್ಟೂ ಇಲ್ಲ. ಬೆಚ್ಚಗೆನಿಸಿ ನಡುರಾತ್ರಿ ಕತ್ತು ಒದ್ದೆಯಾಗುವ ಅನುಭವದ ಮೂಲ ಅದು. ಅದನ್ನು ಹೊದೆಯಲೇಬೇಕಾದರೆ ಒಳಗೊಂದು ಹತ್ತಿಯ ಪದರ ಇರಲಿ.

ಮಲೆನಾಡಿನ ಆಷಾಢದಲ್ಲಿ, ಕರಾವಳಿಯ ಮಳೆಗಾಲದಲ್ಲಿ ಹತ್ತಿಯ ಹಾಸಿಗೆ ಸುತ್ತಲಿನ ಗಾಳಿಯಿಂದಲೇ ತೇವ ಹೀರಿ ಕುಗ್ಗುತ್ತದೆ. ಬೂರುಗದ ಅರಳೆಯ ದಿಂಬು ಅಲ್ಲಿ ಒಗ್ಗುತ್ತದೆ: ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ನೀರು ಒಳಹೋಗದು, ಗಾಳಿ ಹೊರಹೋಗದು. ಮೋಡ ಹರಿದು ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಹೊರಗೆ ಹಾಕುವ ಹಳೆಯ ರೂಢಿಗೆ ಮೂರು ಲಾಭಗಳಿವೆ. ತೇವ ಹೋಗುತ್ತದೆ, ಎಳೆಗಳು ಬಿಡಿಸಿಕೊಂಡು ಉಬ್ಬುತ್ತವೆ, ಧೂಳಿನ ನುಸಿಗಳು ಸೊರಗುತ್ತವೆ. ಬರಿಗಣ್ಣಿಗೆ ಕಾಣದ ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಹಾಸಿಗೆ ಒಣಗಿದರೆ ಅದರ ಬದುಕೂ ಒಣಗುತ್ತದೆ.

ಬೇಸಿಗೆಯಲ್ಲಿ ಗಾಳಿಗೆ ದಾರಿ

ಬೇಸಿಗೆಯಲ್ಲಿ ಇದೇ ಪಾಠವನ್ನು ತಿರುವಿ ಓದಬೇಕು. ಈಗ ಗಾಳಿ ನಿಲ್ಲಬಾರದು. ಮೆತ್ತನೆಯ ಹಾಸಿಗೆ ಮೈಯನ್ನು ತಬ್ಬಿಕೊಂಡು ಬೆನ್ನಿನ ಸುತ್ತ ಗಾಳಿಯನ್ನು ಕೂಡಿಹಾಕುತ್ತದೆ. ಚಾಪೆ ಗಡುಸಾಗಿದೆ, ಮೈಯನ್ನು ತಬ್ಬದು, ಅದರ ಕಡ್ಡಿಗಳ ಸಾಲುಗಳಲ್ಲಿ ಗಾಳಿ ಆಡುತ್ತದೆ. ಚಳಿಗಾಲದಲ್ಲಿ ನಮ್ಮನ್ನು ಕಾಡಿದ ಶಹಾಬಾದಿ ಕಲ್ಲು ಚೈತ್ರದಲ್ಲಿ ತಾಯಿಯಂತೆ ಕಾಯುತ್ತದೆ. ಮೈಸುತ್ತಲಿನ ತೆಳುಗಾಳಿಯ ಪೊರೆಯನ್ನು ಫ್ಯಾನು ಕಿತ್ತೊಯ್ಯುತ್ತದೆ, ಬೆವರನ್ನು ಆರಿಸುತ್ತದೆ.

ರಾಯಚೂರು, ಕಲಬುರಗಿಯಲ್ಲಿ ಚಾದರವನ್ನು ನೀರಲ್ಲಿ ಅದ್ದಿ ಹಿಂಡಿ ಹೊದೆಯುವವರಿದ್ದಾರೆ. ನೀರು ಆವಿಯಾಗುವಾಗ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಅಲ್ಲಿಯ ಒಣಗಾಳಿ ಅದನ್ನು ಬೇಗ ಕುಡಿಯುತ್ತದೆ. ಇದೇ ಉಪಾಯವನ್ನು ಮಂಗಳೂರಿನಲ್ಲಿ ಮಾಡಿದರೆ ಚಾದರ ಒದ್ದೆಯಾಗಿಯೇ ಉಳಿದು ಸೆಕೆ ಇನ್ನಷ್ಟು ಹೆಚ್ಚುತ್ತದೆ. ಅಲ್ಲಿಯ ಗಾಳಿಯೇ ಆವಿಯಿಂದ ತುಂಬಿದೆ, ಹೊಸ ಆವಿಗೆ ಎಡೆಯಿಲ್ಲ. ಕರಾವಳಿಗೆ ಬೇಕಾದದ್ದು ಸಡಿಲ ನೇಯ್ಗೆಯ ತೆಳು ಹತ್ತಿಬಟ್ಟೆ ಮತ್ತು ಬೀಸುವ ಗಾಳಿ.

ಮಾಳಿಗೆಯ ಮೇಲೆ ಮಲಗಿದವರು ಇನ್ನೊಂದು ಸಂಗತಿ ಗಮನಿಸಿರುತ್ತಾರೆ. ಗಾಳಿ ಬೆಚ್ಚಗಿದ್ದರೂ ನಡುರಾತ್ರಿ ದಾಟಿದ ಮೇಲೆ ಮೈ ಕೊರೆಯುತ್ತದೆ. ಕೆಂಡದ ಮುಂದೆ ಕೂತರೆ ಮುಟ್ಟದೆಯೂ ಬಿಸಿ ತಾಗುವಂತೆ, ನಮ್ಮ ಮೈಯೂ ಕಾಣದ ಕಿರಣಗಳಾಗಿ ಬಿಸಿಯನ್ನು ಚೆಲ್ಲುತ್ತದೆ. ಮನೆಯೊಳಗೆ ಗೋಡೆ, ಸೂರು ಹೆಚ್ಚುಕಡಿಮೆ ಅಷ್ಟನ್ನೇ ಹಿಂದಿರುಗಿಸುತ್ತವೆ. ಮೋಡವಿಲ್ಲದ ಆಕಾಶ ಹಿಂದಿರುಗಿಸುವುದು ಕಡಿಮೆ. ಆಗ ತೆಳ್ಳನೆಯ ಒಂದು ಪಂಚೆ ಹೊದ್ದರೂ ಸಾಕಾಗುತ್ತದೆ. ಮೈಗೂ ಆಕಾಶಕ್ಕೂ ನಡುವೆ ಅದೊಂದು ಸೂರು.

ನಾಲ್ಕು ಗಂಟೆಯ ಒಗಟು

ಈಗ ಮೊದಲ ಪ್ರಶ್ನೆಗೆ ಹಿಂದಿರುಗೋಣ. ಕೋಣೆ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಒಲೆ.

ನಮ್ಮೊಳಗೊಂದು ಮೈಗಡಿಯಾರ ಇದೆ. ನಿದ್ದೆಯ ಹೊತ್ತು ಹತ್ತಿರವಾದಂತೆ ಅದು ಒಡಲಿನ ಬಿಸಿಯನ್ನು ಇಳಿಸಲು ತೊಡಗುತ್ತದೆ. ಇಳಿಸುವುದೆಂದರೆ ಹೊರಹಾಕುವುದು, ಅದಕ್ಕೆ ಅಂಗೈ ಅಂಗಾಲುಗಳ ರಕ್ತನಾಳಗಳು ಹಿಗ್ಗುತ್ತವೆ. ಬಿಸಿರಕ್ತ ಅಲ್ಲಿಗೆ ಹರಿದು ಬಿಸಿಯನ್ನು ಹೊರಗೆ ಚೆಲ್ಲುತ್ತದೆ. 1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದು ಇದನ್ನೇ: ಕೈಕಾಲು ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುತ್ತದೆ. ಹನ್ನೊಂದು ಗಂಟೆಗೆ ಹೊದಿಕೆಯನ್ನು ಒದ್ದ ಕಾಲು, ನಿಜವಾಗಿ, ಕಿಟಕಿ ತೆರೆಯುತ್ತಿತ್ತು. ಅತಿ ಚಳಿಯಲ್ಲಿ ಪಾದ ಮರಗಟ್ಟಿದರೆ ನಾಳಗಳು ಮುಚ್ಚಿಕೊಂಡು ಒಳಬಿಸಿ ಒಳಗೇ ಉಳಿಯುತ್ತದೆ, ನಿದ್ದೆ ದೂರವಾಗುತ್ತದೆ. ಅಂಥ ರಾತ್ರಿ ಕಾಲುಚೀಲ ಹಾಕಿಕೊಳ್ಳುವುದು ಒಳ್ಳೆಯದು.

ಬೆಳಗಿನ ನಾಲ್ಕೈದರ ಹೊತ್ತಿಗೆ ಒಡಲಿನ ಬಿಸಿ ತಳ ಮುಟ್ಟುತ್ತದೆ, ಸಂಜೆಗಿಂತ ಸುಮಾರು ಒಂದು ಡಿಗ್ರಿ ಕಡಿಮೆ. ಕನಸು ತುಂಬಿದ ನಿದ್ದೆ ಹೆಚ್ಚಾಗಿ ಬರುವುದೂ ರಾತ್ರಿಯ ಈ ಕೊನೆಯ ಜಾವದಲ್ಲೇ. ಆ ನಿದ್ದೆಯಲ್ಲಿ ಮೈ ನಡುಗಿ ಬಿಸಿ ಹುಟ್ಟಿಸುವ, ಬೆವರಿ ತಣ್ಣಗಾಗುವ ಶಕ್ತಿಯನ್ನು ಬಹುಪಾಲು ಕೈಬಿಟ್ಟಿರುತ್ತದೆ. ಹೊರಗಿನ ಗಾಳಿಯೂ ಸೂರ್ಯ ಹುಟ್ಟುವ ಮುಂಚೆಯೇ ಅತಿ ತಂಪು. ಒಳಗಿನ ಇಳಿತ, ಹೊರಗಿನ ಇಳಿತ ಕೂಡಿಬಂದ ಆ ಗಳಿಗೆಯಲ್ಲಿ ಮೈಗೆ ತನ್ನ ಬಿಸಿಯನ್ನು ಕಾಯಲು ನಿಂತ ಗಾಳಿ ಬೇಕಾಗುತ್ತದೆ. ಕೈ ತಡಕಾಡುವುದು ಅದಕ್ಕೆ.

ಒಂದೇ ರಾತ್ರಿಯಲ್ಲಿ ಮೈ ಎರಡು ಋತು ದಾಟುತ್ತದೆ ಎಂದಾಯಿತು. ಒಂದೇ ದಪ್ಪನೆಯ ಹೊದಿಕೆ ಈ ಎರಡಕ್ಕೂ ಹೊಂದಲಾರದು. ಹೊದ್ದರೆ ಸೆಕೆ, ತೆಗೆದರೆ ಚಳಿ. ಪದರಗಳಾದರೆ ಒಂದೊಂದಾಗಿ ಸೇರಿಸಬಹುದು, ಕಳೆಯಬಹುದು. ಬೇಸಿಗೆಗೆ ಚಾಪೆ, ತೆಳು ಹತ್ತಿಯ ಚಾದರ, ಕಾಲ ಬಳಿ ಮಡಚಿಟ್ಟ ಒಂದು ಪಂಚೆ. ಮಳೆಗಾಲಕ್ಕೆ ಒಣಗಿದ ಹಾಸು, ಮೈಗೆ ಹತ್ತಿ, ಮೇಲೆ ತೆಳ್ಳನೆಯ ಉಣ್ಣೆ. ಚಳಿಗೆ ಕೆಳಗೊಂದು ಕಂಬಳಿ, ಮೇಲೆ ಚಾದರ, ಎರಡು ಕೌದಿ. ವರ್ಷ ತುಂಬದ ಕೂಸಿಗೆ ಮಾತ್ರ ಈ ಲೆಕ್ಕ ಬೇಡ. ಮುಖಕ್ಕೆ ಜಾರಿದ ಹೊದಿಕೆಯನ್ನು ಸರಿಸಲು ಅದಕ್ಕೆ ಬಾರದು. ಬೆಚ್ಚಗಿನ ಅಂಗಿ ತೊಡಿಸಿ, ಸುತ್ತ ಸಡಿಲ ಬಟ್ಟೆ, ದಿಂಬು ಇರದಂತೆ ಮಲಗಿಸಬೇಕು. ವಯಸ್ಸಾದವರಿಗೆ ಚಳಿ ತಾಗಿದ್ದು ತಡವಾಗಿ ತಿಳಿಯುತ್ತದೆ. ಅವರು ಕೇಳುವ ಮೊದಲೇ ಒಂದು ಪದರ ಹತ್ತಿರ ಇಟ್ಟಿರಬೇಕು.

ಆಯಿಗೆ ವಯಸ್ಸಾದ ಮೇಲೆ, ರಜೆಗೆ ಹೋದಾಗಲೆಲ್ಲ ಈ ಕೆಲಸ ನನ್ನದಾಗಿತ್ತು. ಮಲಗುವ ಮುಂಚೆ ಒಂದು ಕೌದಿ ಹೊದಿಸಿ, ಇನ್ನೊಂದನ್ನು ಅವಳ ಕೈಗೆ ಎಟಕುವಲ್ಲಿ ಮಡಚಿಡುತ್ತಿದ್ದೆ. ಅವಳದೇ ಸೀರೆಗಳ ಕೌದಿ, ಅವಳದೇ ಹೊಲಿಗೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಅವಳ ಮೈಮೇಲೆ ಇರುತ್ತಿದ್ದವು.